ಸೈಕಲ್ಲಿಗೆ ಹಬ್ ಮೋಟಾರು: ವ್ಯಾಟ್ ನೋಡಿ ಕೊಂಡರೆ ಏರಿನಲ್ಲಿ ಸೋಲುವುದು ಯಾಕೆ?

ಮನೆಯಲ್ಲಿರುವ ಸೈಕಲ್ಲಿಗೆ ಮೋಟಾರು ಹಾಕಿಸಬೇಕು ಎಂದುಕೊಂಡವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "250 ವ್ಯಾಟ್ ಸಾಕಾ, ಇಲ್ಲಾ 500 ತಗೊಳ್ಳೋದಾ?" ಅಂಗಡಿಯವರ ಉತ್ತರವೂ ಸಿದ್ಧವಾಗಿರುತ್ತದೆ: "ಏರು ಇದ್ರೆ 500 ತಗೊಳ್ಳಿ ಸಾರ್." ಕೇಳಲು ಸರಿಯೆನಿಸುತ್ತದೆ. ವ್ಯಾಟ್ ಎಂದರೆ ಶಕ್ತಿ, ಶಕ್ತಿ ಹೆಚ್ಚಿದ್ದರೆ ಏರು ಸುಲಭ. ಅಲ್ಲವೇ?

ನಮ್ಮ ಬಳಗದವರೊಬ್ಬರು ಹೀಗೆಯೇ ಲೆಕ್ಕ ಹಾಕಿದ್ದರು. ಅವರ ಮನೆ ಮಂಗಳೂರಿನಲ್ಲಿ ಒಂದು ಗುಡ್ಡದ ಮೇಲೆ, ಕೆಲಸ ಕೆಳಗೆ ಪೇಟೆಯಲ್ಲಿ. ಬೆಳಿಗ್ಗೆ ಇಳಿಯುವುದು ಸಲೀಸು, ಸಂಜೆ ಹತ್ತುವುದೇ ಕಷ್ಟ. ಮೊಣಕಾಲು ನೋವು ಶುರುವಾದ ಮೇಲೆ ಸೈಕಲ್ ಮೂಲೆ ಸೇರಿತ್ತು. 500 ವ್ಯಾಟ್ ಎಂದು ಬರೆದಿದ್ದ ಹಬ್ ಮೋಟಾರು ಹಾಕಿಸಿದರು. ಸಮತಟ್ಟಾದ ರಸ್ತೆಯಲ್ಲಿ ಅದು ಗಂಟೆಗೆ 35 ಕಿ.ಮೀ. ದಾಟಿ ಓಡುತ್ತಿತ್ತು. ಮನೆಯ ಏರಿಗೆ ಬಂದಾಗ ಮಾತ್ರ ನಡೆದು ಹೋಗುವವರಿಗಿಂತ ಸ್ವಲ್ಪ ಜೋರಾಗಿ ತೆವಳುತ್ತಿತ್ತು. ಎರಡನೇ ವಾರ ಏರಿನ ನಡುವೆ ಸುಟ್ಟ ವಾಸನೆ ಬಂತು. ಇಳಿದು ಹಬ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಮೋಟಾರು ಅಲ್ಲಿಗೆ ಮುಗಿದಿತ್ತು. ಆಮೇಲೆ ಅವರು ಹಾಕಿಸಿದ್ದು ಗಾತ್ರದಲ್ಲಿ ಅದರ ಅರ್ಧದಷ್ಟಿರುವ, 250 ವ್ಯಾಟ್ ಎಂದು ಬರೆದಿರುವ ಇನ್ನೊಂದು ಮೋಟಾರು. ಅದು ಇವತ್ತಿಗೂ ಅದೇ ಏರನ್ನು ಹತ್ತುತ್ತಿದೆ. ಬ್ಯಾಟರಿ, ಸೈಕಲ್, ಸವಾರ ಯಾವುದೂ ಬದಲಾಗಿಲ್ಲ.

ಹಾಗಾದರೆ 250 ದೊಡ್ಡದೋ 500 ದೊಡ್ಡದೋ?

ಹೊದಿಕೆಯ ಮೇಲಿನ ವ್ಯಾಟ್ ಏನು ಹೇಳುತ್ತದೆ

ಮೋಟಾರಿನ ಮೇಲೆ ಬರೆದ ವ್ಯಾಟ್ ಅದು ಕೊಡಬಲ್ಲ ಗರಿಷ್ಠ ಶಕ್ತಿಯಲ್ಲ. ಹೆಚ್ಚು ಬಿಸಿಯಾಗದೆ ಬಹಳ ಹೊತ್ತು ಕೊಡುತ್ತಲೇ ಇರಬಲ್ಲ ಶಕ್ತಿ ಎಂದು ತಯಾರಕರು ಹೇಳುವ ಅಂಕಿ ಅದು. ಆ ಕ್ಷಣಕ್ಕೆ ಮೋಟಾರು ಎಷ್ಟು ಶಕ್ತಿ ಎಳೆದುಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುವುದು ಬ್ಯಾಟರಿಯ ವೋಲ್ಟ್ ಮತ್ತು ಕಂಟ್ರೋಲರ್ ಬಿಡುವ ಆಂಪಿಯರ್. 36 ವೋಲ್ಟ್ ಬ್ಯಾಟರಿ, 15 ಆಂಪಿಯರ್ ಕಂಟ್ರೋಲರ್ ಇದ್ದರೆ ಗುಣಾಕಾರ ಮಾಡಿ ನೋಡಿ: 540 ವ್ಯಾಟ್. ಮೋಟಾರಿನ ಮೇಲೆ 250 ಎಂದಿರಲಿ 500 ಎಂದಿರಲಿ, ಪೂರ್ತಿ ಥ್ರಾಟಲ್ ಕೊಟ್ಟಾಗ ಒಳಗೆ ಹೋಗುವುದು ಅಷ್ಟೇ. ಅದರಲ್ಲಿ ಎಷ್ಟು ಪಾಲು ಚಕ್ರ ತಿರುಗಿಸಲು ಬಳಕೆಯಾಯಿತು, ಎಷ್ಟು ಪಾಲು ಬಿಸಿಯಾಗಿ ಹೋಯಿತು ಎಂಬುದರಲ್ಲಿ ಮಾತ್ರ ಒಂದು ಮೋಟಾರಿಗೂ ಇನ್ನೊಂದಕ್ಕೂ ವ್ಯತ್ಯಾಸ.

ಹೀಗಾಗಿ ಒಂದೇ ಮೋಟಾರು ಒಂದು ದೇಶದಲ್ಲಿ 250 ವ್ಯಾಟ್ ಎಂದೂ ಇನ್ನೊಂದು ದೇಶದಲ್ಲಿ 350 ಅಥವಾ 500 ಎಂದೂ ಮಾರಾಟವಾಗುವುದುಂಟು. ಯುರೋಪಿನಲ್ಲಿ ಪೆಡಲ್ ಸೈಕಲ್ಲಿನ ಮೋಟಾರಿಗೆ ಕಾನೂನಿನ ಮಿತಿ 250 ವ್ಯಾಟ್, ಅಮೆರಿಕದ ಕೇಂದ್ರ ಕಾನೂನಿನಲ್ಲಿ 750. ಹೊದಿಕೆಯ ಮೇಲಿನ ಅಂಕಿಯಲ್ಲಿ ಎಂಜಿನಿಯರಿಂಗ್ ಎಷ್ಟಿದೆಯೋ ವ್ಯಾಪಾರವೂ ಅಷ್ಟೇ ಇದೆ ಎಂದು ನಮಗನಿಸುತ್ತದೆ.

ಮೊದಲು ನಿಮ್ಮ ರಸ್ತೆಯನ್ನು ಅಳೆಯಿರಿ

ಸೈಕಲ್ ಮತ್ತು ಸವಾರ ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳಿ. ಗಾಳಿ ಬೀಸದ ದಿನ, ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗ ಕಾಯ್ದುಕೊಳ್ಳಲು ಬೇಕಾಗುವುದು ಸುಮಾರು 170 ವ್ಯಾಟ್ ಮಾತ್ರ. ಅದೇ ಸೈಕಲ್ 40 ಕಿ.ಮೀ. ವೇಗದಲ್ಲಿ ಹೋಗಬೇಕಾದರೆ 550 ವ್ಯಾಟ್ ದಾಟುತ್ತದೆ. ವೇಗ ದುಪ್ಪಟ್ಟೂ ಆಗಿಲ್ಲ, ಶಕ್ತಿ ಮೂರು ಪಟ್ಟು ಮೀರಿತು. ಕಾರಣ ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ; ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ರಾಯಚೂರು, ಬಳ್ಳಾರಿಯಂಥ ಬಯಲಿನಲ್ಲಿ ಓಡಾಡುವವರಿಗೆ 250 ವ್ಯಾಟಿನ ಸಾಧಾರಣ ಮೋಟಾರು ಧಾರಾಳವಾಯಿತು. ಪೆಡಲ್ ಮೇಲೆ ಕಾಲಿಟ್ಟು ಸುಮ್ಮನೆ ತುಳಿಯುತ್ತಿದ್ದರೂ ಸಾಧಾರಣ ಆರೋಗ್ಯದವರು 75ರಿಂದ 100 ವ್ಯಾಟ್ ಸೇರಿಸುತ್ತಾರೆ.

ಏರಿನ ಲೆಕ್ಕ ಬೇರೆ. ಅಲ್ಲಿ ಗಾಳಿಯ ಪಾಲು ತೀರಾ ಕಡಿಮೆ, ಎದುರಾಳಿ ನಿಮ್ಮ ತೂಕವೇ. 100 ಮೀಟರ್ ಹೋದಾಗ ರಸ್ತೆ 8 ಮೀಟರ್ ಮೇಲೇರಿದರೆ ಅದು ಶೇ 8ರ ಏರು. ಒಟ್ಟು ತೂಕವನ್ನು ಈ ಶೇಕಡಾ ಅಂಕಿಯಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಸೈಕಲ್ಲನ್ನು ಮುಂದಕ್ಕೆ ತಳ್ಳಲು ಬೇಕಾದ ಬಲ ನ್ಯೂಟನ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. ಚೀಲ, ಬ್ಯಾಟರಿ ಎಲ್ಲ ಸೇರಿ 100 ಕೆ.ಜಿ., ಏರು ಶೇ 8 ಆದರೆ 80 ನ್ಯೂಟನ್. ಟಯರ್ ರಸ್ತೆಗೆ ಉಜ್ಜುವ ಪಾಲು ಒಂದು 8 ನ್ಯೂಟನ್ ಸೇರಿಸಿ. 26 ಇಂಚಿನ ಚಕ್ರದ ತ್ರಿಜ್ಯ ಒಂದು ಮೀಟರಿನ ಮೂರನೇ ಒಂದು ಭಾಗ. ಆದ್ದರಿಂದ 88ನ್ನು ಮೂರರಿಂದ ಭಾಗಿಸಿ: 29 ನ್ಯೂಟನ್-ಮೀಟರ್. ಚಕ್ರವನ್ನು ತಿರುಗಿಸುವ ಈ ಬಲಕ್ಕೇ ಟಾರ್ಕ್ ಎನ್ನುತ್ತಾರೆ. ಏರಿರುವ ಊರಿನಲ್ಲಿ ಮೋಟಾರು ಕೊಳ್ಳುವಾಗ ಕೇಳಬೇಕಾದ ಮೊದಲ ಅಂಕಿ ಇದು. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು 150 ಕೆ.ಜಿ. ಆಯಿತು, ಏರು ಶೇ 10 ಎಂದರೆ 50 ನ್ಯೂಟನ್-ಮೀಟರ್ ದಾಟುತ್ತದೆ. ಸಣ್ಣ ಹಬ್ ಮೋಟಾರುಗಳಿಗೆ ಅದು ಭಾರವೇ.

ಏರನ್ನು ಅಳೆಯುವುದು ಹೇಗೆ? ಒಂದು ಮೀಟರ್ ಉದ್ದದ ನೇರ ಪಟ್ಟಿ, ಮೇಸ್ತ್ರಿಗಳು ಬಳಸುವ ರಸಮಟ್ಟ, ಒಂದು ಟೇಪು ಸಾಕು. ಏರಿನ ಅತಿ ಕಡಿದಾದ ಜಾಗದಲ್ಲಿ ಪಟ್ಟಿಯ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಇನ್ನೊಂದು ತುದಿ ಇಳಿಜಾರಿನ ಕಡೆ ಇರುವಂತೆ ಹಿಡಿದು, ರಸಮಟ್ಟದ ಗುಳ್ಳೆ ನಡುವಿಗೆ ಬರುವಂತೆ ಮಾಡಿ. ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಇದೆಯೋ ಅಷ್ಟೇ ಶೇಕಡಾ ಏರು. ದಾರಿಹೋಕರು ರಸ್ತೆ ಅಳೆಯಲು ಸರ್ಕಾರದವರು ಬಂದಿದ್ದಾರೆ ಎಂದುಕೊಳ್ಳಬಹುದು, ಅಷ್ಟೇ. ಮೊಬೈಲಿನ ನಕ್ಷೆಯಲ್ಲಿ ಸಿಗುವುದು ಇಡೀ ಏರಿನ ಸರಾಸರಿ. ಮೋಟಾರು ಸೋಲುವುದು ಸರಾಸರಿಯಲ್ಲಿ ಅಲ್ಲ, ನಡುವೆ ಬರುವ ಐವತ್ತು ಮೀಟರ್ ಕಡಿದಾದ ತಿರುವಿನಲ್ಲಿ.

ವೇಗದ ಮೋಟಾರು ಏರಿನಲ್ಲಿ ಯಾಕೆ ಸುಡುತ್ತದೆ

ಎರಡನೆಯ ಅಂಕಿ ಆರ್‌ಪಿಎಂ, ಅಂದರೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂಬುದು. ಮಾರುವವರು ಕೊಡುವುದು ಹೆಚ್ಚಾಗಿ ಚಕ್ರವನ್ನು ಗಾಳಿಯಲ್ಲಿ ಎತ್ತಿ ಹಿಡಿದಾಗಿನ ಅಂಕಿ. ಸವಾರ ಹತ್ತಿ ಕೂತ ಮೇಲೆ ಅದರ ಶೇ 80ರಷ್ಟು ಎಂದಿಟ್ಟುಕೊಳ್ಳಿ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಸಾಗುತ್ತದೆ, ಆದ್ದರಿಂದ 25 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 200 ಸುತ್ತು ಸಾಕು. ಗಾಳಿಯಲ್ಲಿ 250ರಿಂದ 260 ಸುತ್ತುವ ಮೋಟಾರು ಇದಕ್ಕೆ ಸರಿಹೊಂದುತ್ತದೆ. ನಮ್ಮ ಮಂಗಳೂರಿನ ಗೆಳೆಯರ ಮೊದಲ ಮೋಟಾರು ಸುತ್ತುತ್ತಿದ್ದುದು ಸುಮಾರು 370.

ವೇಗದ ಮೋಟಾರು ಎಂದರೆ ಒಳಗಿನ ತಾಮ್ರದ ಸುರುಳಿಯಲ್ಲಿ ಸುತ್ತುಗಳು ಕಡಿಮೆ, ತಂತಿ ದಪ್ಪ. ಇಂಥ ಮೋಟಾರು ಪ್ರತಿ ಆಂಪಿಯರಿಗೆ ಕೊಡುವ ಟಾರ್ಕ್ ಕಡಿಮೆ, ಅದೇ ಬಲಕ್ಕೆ ಅದು ಹೆಚ್ಚು ಆಂಪಿಯರ್ ಕೇಳುತ್ತದೆ. ದೊಡ್ಡ ಕಂಟ್ರೋಲರ್, ದಪ್ಪ ತಂತಿ, ಗಟ್ಟಿ ಬ್ಯಾಟರಿ ಕೊಟ್ಟರೆ ಅದೂ ಅಷ್ಟೇ ಬಲ ಕೊಡುತ್ತದೆ. "ಟಾರ್ಕ್ ಮೋಟಾರು" ಮತ್ತು "ಸ್ಪೀಡ್ ಮೋಟಾರು" ಎರಡು ಬೇರೆ ಜಾತಿ ಎನ್ನುವ ಮಾತು ಪೂರ್ತಿ ನಿಜವಲ್ಲ. ಆದರೆ ಕಿಟ್ಟಿನ ಜೊತೆ ಬರುವ ಸಣ್ಣ ಕಂಟ್ರೋಲರ್ ಅಷ್ಟು ಆಂಪಿಯರ್ ಬಿಡುವುದಿಲ್ಲವಲ್ಲ. ಬಲ ಸಾಲದೆ ಸೈಕಲ್ ನಿಧಾನವಾಗುತ್ತದೆ. ಸವಾರ ಥ್ರಾಟಲ್ ಬಿಡುವುದಿಲ್ಲ.

ಇಲ್ಲಿಂದ ತೊಂದರೆ ಶುರು. ಸುರುಳಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಇರುತ್ತದೆ, ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಏರನ್ನು 14 ಕಿ.ಮೀ. ವೇಗದಲ್ಲಿ ಹತ್ತಿದರೂ 7 ಕಿ.ಮೀ. ವೇಗದಲ್ಲಿ ಹತ್ತಿದರೂ ಬೇಕಾದ ಬಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪ್ರತಿ ಸೆಕೆಂಡಿಗೆ ಹುಟ್ಟುವ ಶಾಖವೂ ಒಂದೇ. ಆದರೆ ಏರು ಮುಗಿಯಲು ಎರಡು ಪಟ್ಟು ಹೊತ್ತು ಬೇಕು. ಒಲೆಯ ಉರಿ ಬದಲಾಗಿಲ್ಲ, ಪಾತ್ರೆ ಮಾತ್ರ ಎರಡು ಪಟ್ಟು ಹೊತ್ತು ಅದರ ಮೇಲಿತ್ತು. ತಿರುಗುವ ವೇಗ ಕಡಿಮೆಯಾದಂತೆ ಹಬ್ಬಿನ ಮೇಲೆ ಗಾಳಿಯ ಹರಿವೂ ಕಡಿಮೆ.

ಮೊದಲು ಹಾಳಾಗುವುದು ಸುರುಳಿಯ ಮೇಲಿನ ವಾರ್ನಿಷ್ ಪದರವೋ, ಚಕ್ರ ಎಲ್ಲಿದೆ ಎಂದು ಕಂಟ್ರೋಲರಿಗೆ ಹೇಳುವ ಹಾಲ್ ಸೆನ್ಸರೋ ಆಗಬಹುದು. ಅಯಸ್ಕಾಂತಗಳಿಗೂ ಶಾಖ ಆಗಿಬರುವುದಿಲ್ಲ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತನ್ನ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತದೆ. ಮೇಲಿನ ದರ್ಜೆಯವು ಇದಕ್ಕಿಂತ ಹೆಚ್ಚು ತಡೆಯುತ್ತವೆ, ಆದರೆ ಅಗ್ಗದ ಮೋಟಾರಿನೊಳಗೆ ಯಾವ ದರ್ಜೆ ಇದೆ ಎಂದು ಹೊರಗಿನಿಂದ ಹೇಳಲಾಗದು.

ಚಕ್ರ ಸಣ್ಣದಾದಷ್ಟೂ ಏರಿಗೆ ಒಳ್ಳೆಯದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅದೇ ಮೋಟಾರನ್ನು 26 ಇಂಚಿನ ಬದಲು 20 ಇಂಚಿನ ಚಕ್ರದಲ್ಲಿ ಕೂರಿಸಿದರೆ ತಳ್ಳುವ ಬಲ ಶೇ 30ರಷ್ಟು ಹೆಚ್ಚುತ್ತದೆ, ವೇಗ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಮಡಚುವ ಸಣ್ಣ ಸೈಕಲ್ ಇರುವವರಿಗೆ ಇದು ಅನುಕೂಲ. ಬ್ಯಾಟರಿಯನ್ನು 36ರಿಂದ 48 ವೋಲ್ಟಿಗೆ ಏರಿಸಿದರೆ ಮೋಟಾರಿನ ವೇಗ ಮೂರನೇ ಒಂದು ಭಾಗ ಹೆಚ್ಚುತ್ತದೆ. "48 ವೋಲ್ಟ್ ಹಾಕಿ, ಏರು ಹತ್ತುತ್ತೆ" ಎಂಬ ಸಲಹೆ ನಿಧಾನ ಸುತ್ತುವ ಮೋಟಾರಿಗೆ ಮಾತ್ರ ಅನ್ವಯಿಸುತ್ತದೆ. ಅದೂ ಕಂಟ್ರೋಲರ್ 48 ವೋಲ್ಟ್ ತಡೆಯುವುದಾಗಿದ್ದರೆ.

ಗೇರು ಇರುವುದೋ, ನೇರವಾಗಿ ತಿರುಗುವುದೋ

ಹಬ್ ಮೋಟಾರು ಹೊಸದೇನಲ್ಲ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತ 1895ರಲ್ಲೇ ಹಿಂದಿನ ಚಕ್ರದ ಹಬ್ಬಿನೊಳಗೆ ಮೋಟಾರು ಇಟ್ಟ ಸೈಕಲ್ಲಿಗೆ ಪೇಟೆಂಟ್ ಪಡೆದಿದ್ದ. ಅದರಲ್ಲಿ ಗೇರೂ ಇರಲಿಲ್ಲ, ಪೆಡಲ್ಲೂ ಇರಲಿಲ್ಲ. 10 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್ ಎಳೆಯುವ ಯೋಜನೆ ಅದು! ಚಕ್ರ ಮತ್ತು ಮೋಟಾರು ಒಂದೇ ವೇಗದಲ್ಲಿ ತಿರುಗುವ ಆ ಬಗೆಯನ್ನೇ ಇಂದು ಡೈರೆಕ್ಟ್ ಡ್ರೈವ್ ಎನ್ನುತ್ತೇವೆ.

ಗೇರಿನ ಹಬ್ ಮೋಟಾರಿನಲ್ಲಿ ಒಳಗಿನ ಮೋಟಾರು ಸಣ್ಣದು, ಆದರೆ ಚಕ್ರಕ್ಕಿಂತ ನಾಲ್ಕೈದು ಪಟ್ಟು ಜೋರಾಗಿ ತಿರುಗುತ್ತದೆ. ಚಕ್ರ ನಿಮಿಷಕ್ಕೆ 200 ಸುತ್ತಿದರೆ ಒಳಗಿನದು ಸಾವಿರದ ಹತ್ತಿರ. ನಡುವೆ ಮೂರು ಸಣ್ಣ ನೈಲಾನ್ ಗೇರುಗಳು ವೇಗವನ್ನು ಇಳಿಸಿ ಟಾರ್ಕನ್ನು ಅಷ್ಟೇ ಪಟ್ಟು ಏರಿಸುತ್ತವೆ. ಬಾವಿಯಿಂದ ದೊಡ್ಡ ಕೊಡವನ್ನು ಒಂದೇ ಸಲ ಸೇದುವ ಬದಲು ಸಣ್ಣ ಬಿಂದಿಗೆಯಲ್ಲಿ ಐದು ಸಲ ಸೇದಿದಂತೆ. ಸಣ್ಣ ಆಳೂ ಮಾಡಬಲ್ಲ ಕೆಲಸ. ಮಂಗಳೂರಿನ ಏರಿನಲ್ಲಿ 250 ಗೆದ್ದದ್ದು ಹೀಗೆ.

ತೂಕದಲ್ಲೂ ವ್ಯತ್ಯಾಸ ಎದ್ದು ಕಾಣುತ್ತದೆ. ಗೇರಿನ ಮೋಟಾರು ಸಾಮಾನ್ಯವಾಗಿ ಎರಡರಿಂದ ನಾಲ್ಕು ಕೆ.ಜಿ., ಡೈರೆಕ್ಟ್ ಡ್ರೈವ್ ಐದರಿಂದ ಏಳು. ಗೇರಿನ ಮೋಟಾರಿನೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುವುದರಿಂದ ಬ್ಯಾಟರಿ ಮುಗಿದರೂ ಸೈಕಲ್ ಮಾಮೂಲಿನಂತೆ ಹಗುರವಾಗಿ ಓಡುತ್ತದೆ. ಡೈರೆಕ್ಟ್ ಡ್ರೈವಿನಲ್ಲಿ ಅಯಸ್ಕಾಂತಗಳು ಕಬ್ಬಿಣದ ಹಲ್ಲುಗಳನ್ನು ಹಿಡಿದು ಎಳೆಯುತ್ತಲೇ ಇರುತ್ತವೆ. ಕರೆಂಟಿಲ್ಲದೆ ತುಳಿಯುವಾಗ ಯಾರೋ ಹಿಂದಿನಿಂದ ಜಗ್ಗಿದಂತೆ ಅನಿಸುತ್ತದೆ.

ಹಾಗೆಂದು ಡೈರೆಕ್ಟ್ ಡ್ರೈವ್ ಕೆಟ್ಟದ್ದಲ್ಲ. ತಿರುಗುವ ಭಾಗ ಒಂದೇ, ಸವೆಯುವುದು ಬೇರಿಂಗ್ ಮಾತ್ರ, ಸದ್ದು ಇಲ್ಲವೇ ಇಲ್ಲ ಎನ್ನಬಹುದು. ಬಯಲಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಕಿ.ಮೀ. ಓಡಿಸುವವರಿಗೆ ನಾವೂ ಅದನ್ನೇ ಹೇಳುತ್ತೇವೆ. ಗೇರಿನ ಮೋಟಾರು ಕುಂಯ್ ಎನ್ನುತ್ತದೆ, ನೈಲಾನ್ ಹಲ್ಲುಗಳು ವರ್ಷಗಳ ಮೇಲೆ ಸವೆಯುತ್ತವೆ. ಆ ಗೇರುಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಘಟ್ಟವನ್ನೇ ಹತ್ತಬೇಕು, ಕಿಲೋಮೀಟರ್‌ಗಟ್ಟಲೆ ಬಿಡುವಿಲ್ಲದ ಏರು ಎಂದಾದರೆ ಮಾತ್ರ ಹಬ್ ಮೋಟಾರಿನ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಪೆಡಲ್ ಬಳಿ ಕೂರುವ ಮಿಡ್ ಡ್ರೈವ್ ಮೋಟಾರು ಸೈಕಲ್ಲಿನ ಗೇರುಗಳನ್ನೇ ಬಳಸಿಕೊಳ್ಳುತ್ತದೆ. ದುಬಾರಿ, ಚೈನು ಬೇಗ ಸವೆಸುತ್ತದೆ, ಆದರೆ ಘಟ್ಟಕ್ಕೆ ಅದೇ ಸರಿ.

ಓಡುತ್ತಾ ತಾನೇ ಚಾರ್ಜ್ ಆಗುವ ಸೈಕಲ್

ಡೈರೆಕ್ಟ್ ಡ್ರೈವ್ ಮಾರುವವರು ಹೇಳುವ ಇನ್ನೊಂದು ಮಾತು: "ಇಳಿಜಾರಿನಲ್ಲಿ ಬ್ಯಾಟರಿ ತಾನೇ ತುಂಬಿಕೊಳ್ಳುತ್ತೆ." ಸುಳ್ಳಲ್ಲ, ಆದರೆ ಎಷ್ಟು ತುಂಬುತ್ತದೆ ನೋಡೋಣ. 90 ಕೆ.ಜಿ. ತೂಕ 100 ಮೀಟರ್ ಎತ್ತರದಿಂದ ಇಳಿದಾಗ ಸಿಗುವ ಒಟ್ಟು ಶಕ್ತಿ ಸುಮಾರು 25 ವ್ಯಾಟ್-ಗಂಟೆ. ಗಾಳಿಗೆ, ಟಯರಿಗೆ, ಮೋಟಾರಿನ ಬಿಸಿಗೆ ಹೋಗಿ ಅರ್ಧ ಬ್ಯಾಟರಿಗೆ ಸೇರಿತು ಎಂದರೂ 12. ಇಷ್ಟರಲ್ಲಿ ಒಂದು ಕಿಲೋಮೀಟರ್ ಹೋಗಬಹುದು. ಬ್ರೇಕ್ ರಬ್ಬರ್ ಉಳಿಯುತ್ತದೆ, ಅದು ನಿಜವಾದ ಲಾಭ.

ಸಮತಟ್ಟಾದ ರಸ್ತೆಯಲ್ಲಿ ಮುಂದಿನ ಚಕ್ರಕ್ಕೆ ಡೈನಮೋ ಕಟ್ಟಿ ಹಿಂದಿನ ಮೋಟಾರಿಗೆ ಚಾರ್ಜ್ ಕೊಡುವ ವಿಡಿಯೊಗಳು ವಾಟ್ಸಾಪಿನಲ್ಲಿ ಬರುತ್ತಿರುತ್ತವಲ್ಲ, ಅವುಗಳಲ್ಲಿ ಲಾಭವೇ ಇಲ್ಲ. ಡೈನಮೋ ಕೊಡುವುದಕ್ಕಿಂತ ಹೆಚ್ಚು ಶಕ್ತಿಯನ್ನು ಅದನ್ನು ತಿರುಗಿಸಲು ಅದೇ ಮೋಟಾರು ಖರ್ಚು ಮಾಡಬೇಕು.

ಜೀವಕ್ಕೆ ಸಂಬಂಧಿಸಿದ ಭಾಗ: ಆಕ್ಸಲ್

ಮೋಟಾರು ತಪ್ಪಾಗಿ ಆರಿಸಿದರೆ ಹೋಗುವುದು ದುಡ್ಡು. ಆಕ್ಸಲ್ ತಪ್ಪಾಗಿ ಕೂರಿಸಿದರೆ ಹೋಗುವುದು ಹಲ್ಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಇದನ್ನು ಮಾತ್ರ ನಿಧಾನವಾಗಿ ಓದಿ.

ಸಾಮಾನ್ಯ ಸೈಕಲ್ಲಿನ ಆಕ್ಸಲ್ ತಿರುಗುವುದಿಲ್ಲ, ಅದನ್ನು ತಿರುಗಿಸಲು ಯಾವ ಬಲವೂ ಇಲ್ಲ. ಹಬ್ ಮೋಟಾರಿನಲ್ಲಿ ಹಾಗಲ್ಲ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲದಿಂದ ತನ್ನ ಆಕ್ಸಲ್ಲನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅದನ್ನು ತಡೆಯಲೆಂದೇ ಆಕ್ಸಲ್ಲಿನ ಎರಡು ಬದಿಯನ್ನು ಚಪ್ಪಟೆ ಮಾಡಿರುತ್ತಾರೆ, ಸಾಮಾನ್ಯವಾಗಿ 10 ಮಿ.ಮೀ. ದಪ್ಪಕ್ಕೆ. ಆ ಚಪ್ಪಟೆ ಬದಿಗಳು ಫೋರ್ಕಿನ ಸೀಳಿನೊಳಗೆ ಸಿಕ್ಕಿಕೊಂಡಿರುತ್ತವೆ. 40 ನ್ಯೂಟನ್-ಮೀಟರ್ ಟಾರ್ಕನ್ನು ಇಷ್ಟು ಸಣ್ಣ ಜಾಗ ತಡೆಯಬೇಕೆಂದರೆ ಸೀಳಿನ ಅಂಚುಗಳ ಮೇಲೆ ಬೀಳುವ ಬಲ ಸುಮಾರು 4000 ನ್ಯೂಟನ್, ಅಂದರೆ 400 ಕೆ.ಜಿ. ಭಾರ ಇಟ್ಟಂತೆ. ಆ ಅಂಚು ಕೆಲವೇ ಮಿಲಿಮೀಟರ್ ದಪ್ಪದ ಲೋಹ. ಅದು ಬಾಯಿ ಬಿಟ್ಟರೆ ಆಕ್ಸಲ್ ಗಿರಕಿ ಹೊಡೆಯುತ್ತದೆ, ನಟ್ ಸಡಿಲವಾಗುತ್ತದೆ, ವೈರುಗಳು ಹರಿಯುತ್ತವೆ, ಚಕ್ರ ಕಳಚಿ ಬೀಳುತ್ತದೆ. ಅದು ಮುಂದಿನ ಚಕ್ರವಾಗಿದ್ದರೆ ಸವಾರ ಮುಖ ಅಡಿಯಾಗಿ ರಸ್ತೆಗೆ ಬೀಳುತ್ತಾನೆ.

ಪರಿಹಾರ ಅಗ್ಗದ್ದು: ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ. ಒಂದು ತುದಿ ಆಕ್ಸಲ್ಲಿನ ಚಪ್ಪಟೆ ಬದಿಯನ್ನು ಕಚ್ಚಿ ಹಿಡಿಯುತ್ತದೆ, ಇನ್ನೊಂದು ತುದಿಯನ್ನು ಫ್ರೇಮಿಗೆ ಬಿಗಿಯುತ್ತಾರೆ. ಹತ್ತು ಸೆಂಟಿಮೀಟರ್ ಉದ್ದದ ಪಟ್ಟಿ ಆ 400 ಕೆ.ಜಿ.ಯನ್ನು ಫ್ರೇಮಿನ ಮೇಲೆ 40 ಕೆ.ಜಿ.ಗೆ ಇಳಿಸುತ್ತದೆ. ಅನೇಕ ಕಿಟ್ಟುಗಳಲ್ಲಿ ಇದು ಇರುವುದೇ ಇಲ್ಲ, ಇದ್ದರೂ ಹಾಕುವವರು "ಬೇಡ ಬಿಡಿ, ನಟ್ ಟೈಟ್ ಇದೆ" ಎನ್ನುತ್ತಾರೆ. ಒಪ್ಪಬೇಡಿ. ಇಳಿಜಾರಿನಲ್ಲಿ ಚಾರ್ಜ್ ಮಾಡುವ ಮೋಟಾರಾದರೆ ಎರಡೂ ಬದಿಗೆ ಹಾಕಿಸಿ, ಏಕೆಂದರೆ ಬ್ರೇಕ್ ಹಿಡಿದಾಗಲೆಲ್ಲ ಬಲದ ದಿಕ್ಕು ತಿರುಗುಮುರುಗಾಗಿ ನಟ್ಟನ್ನು ಅಲುಗಿಸುತ್ತದೆ.

ಫೋರ್ಕ್ ಯಾವ ಲೋಹದ್ದು ಎಂಬುದನ್ನೂ ನೋಡಿ. ಒಂದು ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ: ಅಂಟಿಕೊಂಡರೆ ಉಕ್ಕು. ಉಕ್ಕು ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂ ಸೂಚನೆ ಕೊಡದೆ ಬಿರುಕು ಬಿಡುತ್ತದೆ. ಮುಂದೆ ಸಸ್ಪೆನ್ಷನ್ ಇರುವ ಅಲ್ಯೂಮಿನಿಯಂ ಫೋರ್ಕಿಗೆ ಹಬ್ ಮೋಟಾರು ಹಾಕಲೇಬೇಡಿ ಎಂದು ನಾವು ಹೇಳುತ್ತೇವೆ. ಮುಂದಿನ ಚಕ್ರದ ಮೋಟಾರು ಕೂರಿಸಲು ಸುಲಭ, ಹಿಂದಿನ ಗೇರು ಮುಟ್ಟಬೇಕಿಲ್ಲ ಎಂಬುದು ನಿಜ. ಆದರೆ ಏರಿನಲ್ಲಿ ತೂಕವೆಲ್ಲ ಹಿಂದಕ್ಕೆ ವಾಲಿ ಮುಂದಿನ ಟಯರ್ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಹಿಂದಿನ ಚಕ್ರವೇ ಸರಿ.

ಅಳತೆಯ ವಿಷಯ ಚಿಕ್ಕದು. ಫೋರ್ಕಿನ ಎರಡು ಕಾಲುಗಳ ಒಳಮುಖದ ನಡುವಿನ ಅಂತರ ಮುಂದೆ ಸಾಮಾನ್ಯವಾಗಿ 100 ಮಿ.ಮೀ., ಗೇರಿನ ಸೈಕಲ್ಲಿನ ಹಿಂದೆ 135. ಹಳೆಯ ಒಂಟಿ ಗೇರಿನ ಸೈಕಲ್ಲಿನ ಹಿಂಭಾಗ ಇದಕ್ಕಿಂತ ಕಿರಿದು. ಮೋಟಾರು ತರಿಸುವ ಮೊದಲೇ ಸ್ಕೇಲ್ ಇಟ್ಟು ಅಳೆಯಿರಿ. ಡಿಸ್ಕ್ ಬ್ರೇಕ್ ಇದ್ದರೆ ಮೋಟಾರಿನ ಹೊಟ್ಟೆ ಕ್ಯಾಲಿಪರಿಗೆ ತಾಗದಷ್ಟು ಜಾಗ ಇದೆಯೇ ನೋಡಿ. ರಾಡ್ ಬ್ರೇಕಿನ ಹಳೆಯ ಸೈಕಲ್ಲಿಗೆ ಮಳೆಯಲ್ಲಿ 25 ಕಿ.ಮೀ. ವೇಗವೂ ಜಾಸ್ತಿಯೇ, ಮೊದಲು ಬ್ರೇಕ್ ಬದಲಿಸಿ.

ಕಾನೂನು ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಮೂವತ್ತು ನಿಮಿಷದ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು. ಪೆಡಲ್ ತುಳಿದಾಗ ನೆರವು ಕೊಡುವ ಸೈಕಲ್ ಆದರೆ ಗಂಟೆಗೆ 25 ಕಿ.ಮೀ. ತಲುಪುವಷ್ಟರಲ್ಲಿ, ಅಥವಾ ಅದಕ್ಕೂ ಮೊದಲೇ ಸವಾರ ತುಳಿಯುವುದನ್ನು ನಿಲ್ಲಿಸಿದರೆ, ಮೋಟಾರಿನ ನೆರವು ನಿಲ್ಲಬೇಕು. ತಕ್ಕ ಬ್ರೇಕು, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಹೀಗಿದ್ದರೆ ಅದನ್ನು ಮೋಟಾರು ವಾಹನ ಎಂದು ಪರಿಗಣಿಸುವುದಿಲ್ಲ. ನೋಂದಣಿ, ಪರವಾನಗಿ ಬೇಡ. ಆದರೆ ಈ ಷರತ್ತುಗಳನ್ನು ಪುಣೆಯ ಎಆರ್‌ಎಐಯಂಥ ಮಾನ್ಯ ಪರೀಕ್ಷಾ ಸಂಸ್ಥೆ ದೃಢಪಡಿಸಿರಬೇಕು ಎಂದೂ ನಿಯಮದಲ್ಲಿದೆ. ಕಿಟ್ ಮಾರುವವರು "ಲೈಸೆನ್ಸ್ ಬೇಡ" ಎಂದಾಗ ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ನಮ್ಮ ಗೆಳೆಯರ ಆ ಮೊದಲ ಮೋಟಾರು ಈ ಗೆರೆಯ ಆಚೆಗಿತ್ತು. ಅಂಥ ಸೈಕಲ್ಲಿನಿಂದ ಯಾರಿಗಾದರೂ ಪೆಟ್ಟಾದರೆ ಅದು ನೋಂದಣಿಯೂ ವಿಮೆಯೂ ಇಲ್ಲದ ವಾಹನದ ಅಪಘಾತವಾಗುತ್ತದೆ. ಅವರಿಗೆ ಇದು ಗೊತ್ತಾದದ್ದು ಮೋಟಾರು ಸುಟ್ಟ ಮೇಲೆ.

ಬ್ಯಾಟರಿ ಮತ್ತು ಮಳೆ

36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವ್ಯಾಟ್-ಗಂಟೆ ಇರುತ್ತದೆ. ಪೇಟೆಯ ನಿಲ್ಲುವ ಹೊರಡುವ ಓಡಾಟದಲ್ಲಿ ಕಿಲೋಮೀಟರಿಗೆ 10ರಿಂದ 15 ಖರ್ಚು. ಅಂದರೆ ಪೂರ್ತಿ ಖಾಲಿ ಮಾಡದೆ ಸುಮಾರು 20ರಿಂದ 30 ಕಿ.ಮೀ. ಚೆನ್ನಾಗಿ ತುಳಿದರೆ ಇನ್ನೂ ಹೆಚ್ಚು. ಕಂಟ್ರೋಲರ್ ಕೇಳುವಷ್ಟು ಆಂಪಿಯರನ್ನು ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಬಿಡಬೇಕು. ಇಲ್ಲದಿದ್ದರೆ ಏರಿನ ನಡುವೆ ಎಲ್ಲವೂ ಒಮ್ಮೆಲೇ ಆಫ್ ಆಗುತ್ತದೆ, ಮೋಟಾರು ಕೆಟ್ಟಿತೆಂದು ಎಷ್ಟೋ ಜನ ರಿಪೇರಿಗೆ ಒಯ್ಯುತ್ತಾರೆ.

ಮೋಟಾರಿನೊಳಗೆ ನೀರು ಹೋಗುವ ದಾರಿ ಹೆಚ್ಚಾಗಿ ಆಕ್ಸಲ್ಲಿನಿಂದ ವೈರು ಹೊರಬರುವ ತೂತು. ಹಿಡಿಯಿಂದ ಇಳಿದುಬರುವ ವೈರನ್ನು ನೇರವಾಗಿ ಆ ತೂತಿಗೆ ಬಿಡದೆ, ಒಮ್ಮೆ ಅದಕ್ಕಿಂತ ಕೆಳಗೆ ಇಳಿಸಿ ಮೇಲಕ್ಕೆ ತಂದು ಸೇರಿಸಿದರೆ ನೀರು ಬಾಗಿದ ಜಾಗದಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಪ್ರೆಶರ್ ನೀರಿನಲ್ಲಿ ಹಬ್ ತೊಳೆಯಬೇಡಿ.

ಪಂಚರ್ ಆದಾಗ ಮೋಟಾರಿನ ಚಕ್ರ ಬಿಚ್ಚಲು ಸಾಮಾನ್ಯ ಸೈಕಲ್ ಪಾನಾ ಸಾಲುವುದಿಲ್ಲ. ನಟ್ ಹೆಚ್ಚಾಗಿ 18 ಅಥವಾ 19 ಮಿ.ಮೀ. ಇರುತ್ತದೆ. ಸರಿಯಾದ ಸ್ಪ್ಯಾನರನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡಿರಿ. ಹೊಸದಾಗಿ ಹಾಕಿಸಿದ ಮೋಟಾರಾದರೆ ಮೊದಲ ವಾರದ ಕೊನೆಗೆ ಅದೇ ಸ್ಪ್ಯಾನರಿನಿಂದ ಎರಡೂ ಬದಿಯ ನಟ್ಟನ್ನು ಒಮ್ಮೆ ಬಿಗಿ ಮಾಡಿ. ನಮ್ಮ ಗೆಳೆಯರ ಎರಡನೇ ಮೋಟಾರಿನಲ್ಲಿ ಎಡಬದಿಯ ನಟ್ ಆಗ ಕಾಲು ಸುತ್ತು ಹಿಡಿಯಿತು.